ತಾರಸಿಗೆ ಹೋದ ಇನ್ವರ್ಟರ್

ನನ್ನ ಗಂಡ ಕೃಷ್ಣರಾಜರಿಗೆ ‘ಇಲ್ಲ’ ಅನ್ನಲು ಬರುವುದಿಲ್ಲ. ಕನ್ನಡದಲ್ಲೂ ಬರುವುದಿಲ್ಲ, ಹಿಂದಿಯಲ್ಲೂ ಬರುವುದಿಲ್ಲ, ಇಷ್ಟು ವರ್ಷ ಗುಜರಾತಿನಲ್ಲಿದ್ದು ಕಲಿತ ಅರೆಬರೆ ಗುಜರಾತಿಯಲ್ಲಂತೂ ಬರುವುದೇ ಇಲ್ಲ. ಬ್ಯಾಂಕಿನವರು ಅಹಮದಾಬಾದಿಗೆ ಹೋಗಿ ಅಂದರು, ಹೋದರು. ಸೂರತ್ತಿನ ಪಾಂಡೇಸರಾ ಶಾಖೆಗೆ ಯಾರೂ ಒಪ್ಪುತ್ತಿಲ್ಲ, ನೀವಾದರೂ ಹೋಗಿ ಅಂದರು, ಹೋದರು. ಅಲ್ಲಿಂದ ವಡೋದರ. ಪ್ರತಿ ಸಲವೂ ನಾನು ಪಾತ್ರೆ ಪಡಗ ಕಟ್ಟಿಕೊಂಡು ಹಿಂದೆ ಹೊರಟೆ.

ಈ ಅಲೆದಾಟದಲ್ಲಿ ನನ್ನದು ಅಂತ ಇದ್ದದ್ದು ಒಂದೇ, ಹವಳದ ತೊಟ್ಟಿ. ನಾನು ಹುಟ್ಟಿದ್ದು ಚಳ್ಳಕೆರೆಯಲ್ಲಿ. ಮದುವೆಗೆ ಮುಂಚೆ ಸಮುದ್ರ ನೋಡಿದ್ದು ಒಂದೇ ಸಲ, ಶಾಲೆಯ ಪ್ರವಾಸದಲ್ಲಿ, ಅದೂ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು. ಅಂಥವಳಿಗೆ ಅಹಮದಾಬಾದಿನ ಒಂದು ಮೀನಿನ ಅಂಗಡಿಯಲ್ಲಿ ಹೆಬ್ಬೆರಳ ಉಗುರಿನಷ್ಟು ಜೀವವೊಂದು ನೀಲಿ ಬೆಳಕಿನಲ್ಲಿ ಕೂದಲು ಕೂದಲಾಗಿ ಅರಳಿ ತೂಗುತ್ತಿದ್ದದ್ದು ಕಾಣಿಸಿತು. ಹವಳ ಅಂದರೆ ನನಗೆ ಗೊತ್ತಿದ್ದದ್ದು ಸರಕ್ಕೆ ಪೋಣಿಸುವ ಕೆಂಪು ಮಣಿ. ಇದು ಮೆತ್ತನೆಯ ಜಾತಿ, ಕಲ್ಲಾಗುವುದಿಲ್ಲ. ಗಟ್ಟಿ ಹವಳ ಮನೆಯಲ್ಲಿ ಇಟ್ಟರೆ ಪೊಲೀಸರು ಬರುತ್ತಾರೆ ಎಂದು ಅಂಗಡಿಯವನೇ ಹೇಳಿದ. ಬೆಳೆದರೆ ಅಣಬೆಯಂತೆ ಆಗುತ್ತದೆ ಅಂದ. ನಾನು ಅದಕ್ಕೆ ಅಣಬೆ ಅಂತಲೇ ಹೆಸರಿಟ್ಟು ಮನೆಗೆ ತಂದೆ.

ಅಹಮದಾಬಾದಿನಲ್ಲಿ ನನಗೆ ಏನೂ ಗೊತ್ತಿರಲಿಲ್ಲ. ಮಂದ ಬೆಳಕು, ನಿಂತ ನೀರು. ಜೊತೆಗಿದ್ದ ಹವಳಗಳ ಮೇಲೆ ಧೂಳು ಕೂತು ಒಂದೊಂದಾಗಿ ಕೊಳೆತವು. ಸೂರತ್ತಿಗೆ ಹೋದ ಮೇಲೆ ಹಟಕ್ಕೆ ಬಿದ್ದು ದೊಡ್ಡ ಪಂಪು, ಜೋರು ದೀಪ ಹಾಕಿದೆ. ನೀರಿನ ರಭಸಕ್ಕೆ ಹೊಸ ಹವಳಗಳ ಮೈ ಹರಿಯಿತು, ದೀಪಕ್ಕೆ ಬಣ್ಣ ಸುಟ್ಟು ಬಿಳಿಚಿಕೊಂಡವು. ಎರಡೂ ಊರಲ್ಲಿ ಉಳಿದುಕೊಂಡದ್ದು ಅಣಬೆ ಒಂದೇ. ಸೂರತ್ತಿನಿಂದ ವಡೋದರಕ್ಕೆ ಬರುವಾಗ ಅದನ್ನು ಉಪ್ಪುನೀರಿನ ಡಬ್ಬಿಯಲ್ಲಿಟ್ಟು ರೈಲಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದೆ. ಎದುರಿನ ಹೆಂಗಸು ‘ಪ್ರಸಾದವೇ?’ ಎಂದು ಕೇಳಿ ಕೈ ಮುಗಿದಳು. ನಾನು ಹೂಂ ಅಂದೆ.

ವಡೋದರದ ಗೋರ್ವಾದಲ್ಲಿ ಐದನೇ ಮಹಡಿಯ ಮನೆ ಸಿಕ್ಕಿತು. ಈ ಸಲ ಆತುರ ಬೇಡ, ಮೊದಲು ಬೆಳಕು ಮತ್ತು ನೀರಿನ ಓಟ ಸರಿಮಾಡುತ್ತೇನೆ, ಆಮೇಲೆ ಉಳಿದದ್ದು ಎಂದು ನಿರ್ಧರಿಸಿದೆ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಪಾಚಿ ಬೆಳಕಿನಲ್ಲಿ ಅಡುಗೆ ಮಾಡುತ್ತದೆ, ಹವಳ ಕೂತು ಉಣ್ಣುತ್ತದೆ. ಬೆಳಕು ಕಡಿಮೆಯಾದರೆ ಉಪವಾಸ, ಹೆಚ್ಚಾದರೆ ಒಲೆಯೇ ಹತ್ತಿ ಉರಿದ ಹಾಗೆ. ಸೂರಿಗೆ ಮೊಳೆ ಹೊಡೆಯಲು ಮನೆಯ ಮಾಲೀಕ ಬಿಡಲಿಲ್ಲ. ಬಡಗಿಯ ಹತ್ತಿರ ಮರದ ಚೌಕಟ್ಟು ಮಾಡಿಸಿ, ದೀಪವನ್ನು ಅದರಿಂದ ಸರಪಳಿಯಲ್ಲಿ ಇಳಿಬಿಟ್ಟೆ. ವಾರಕ್ಕೆ ಒಂದೊಂದು ಕೊಂಡಿಯಷ್ಟು ಕೆಳಗೆ ತಂದೆ. ಬೆಳಿಗ್ಗೆ ನೀಲಿ, ನಿಧಾನವಾಗಿ ಬಿಳಿ, ಸಂಜೆ ಮತ್ತೆ ನೀಲಿಗೆ ತಿರುಗಿ ಆರುವಂತೆ ಟೈಮರ್ ಕೂರಿಸಿದೆ. ಅಣಬೆಯ ಜಾಗ ತೊಟ್ಟಿಯ ನಡುಗಲ್ಲಿನ ಮೇಲೆ, ನೇರ ದೀಪದ ಕೆಳಗಲ್ಲ, ಸ್ವಲ್ಪ ಓರೆಯಲ್ಲಿ.

ನೀರಿನದು ಇನ್ನೂ ಕಷ್ಟ. ಹವಳದ ಮೈಮೇಲೆ ನೀರು ಸದಾ ಹಾಯುತ್ತಿರಬೇಕು, ಕೊಳೆ ತೊಳೆಯಲು, ಉಸಿರು ಕೊಡಲು. ಅದಕ್ಕೆ ಕಾಲಿಲ್ಲ. ಉಸಿರು ಕಟ್ಟಿದರೂ ಇಟ್ಟಲ್ಲೇ ಇರಬೇಕು. ವರ್ಗಾವಣೆಯ ನೌಕರನ ಹೆಂಡತಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನೀರು ಒಂದೇ ಕಡೆಗೆ ನುಗ್ಗಬಾರದು, ಅತ್ತ ಇತ್ತ ತೂಗಬೇಕು. ಅದಕ್ಕೆ ಎರಡು ಗೋಡೆಗೆ ಎರಡು ಪಂಪು ಇಟ್ಟು, ಒಂದು ನಿಂತಾಗ ಇನ್ನೊಂದು ಓಡುವಂತೆ ಮಾಡಿದೆ. ಎಲ್ಲಿ ನೀರು ಸತ್ತು ನಿಲ್ಲುತ್ತದೆ ಎಂದು ತಿಳಿಯಲು ನನ್ನ ಗಂಡನ ಹಳೆಯ ಸ್ವೆಟರ್ ಬಿಚ್ಚಿ ಕಲ್ಲುಕಲ್ಲಿಗೂ ಕೆಂಪು ಉಲ್ಲನ್ ದಾರದ ತುಂಡು ಕಟ್ಟಿದೆ. ನಾವಿಬ್ಬರೂ ಸಂಜೆಯೆಲ್ಲ ಟೀವಿ ಬಿಟ್ಟು ದಾರ ನೋಡುತ್ತ ಕೂತೆವು.

‘ಆ ಮೂಲೇದು ಅಲ್ಲಾಡ್ತಾನೇ ಇಲ್ಲ ಕಣೆ ವಿಂಧ್ಯಾ,’ ಅನ್ನುತ್ತಿದ್ದರು ಅವರು.

ನಾನು ಪಂಪನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದೆ. ಮೂಲೆಯ ದಾರ ತೂಗುತ್ತಿತ್ತು, ನಡುವಿನದು ನಿಲ್ಲುತ್ತಿತ್ತು. ಎಲ್ಲ ದಾರಗಳೂ ಒಟ್ಟಿಗೆ ತೂಗಿದ ದಿನ ಪಾಯಸ ಮಾಡಿದೆ. ಆಮೇಲೆ ದಾರ ಬಿಚ್ಚಿದೆ. ಅಣಬೆಯ ಪಕ್ಕದ್ದೊಂದನ್ನು ಮಾತ್ರ ಹಾಗೇ ಬಿಟ್ಟೆ, ನೀರು ಓಡುತ್ತಿದೆ ಎಂದು ಅಡುಗೆಮನೆಯಿಂದಲೇ ನೋಡಿಕೊಳ್ಳಲು.

ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಮುಚ್ಚಿದ ಡಬ್ಬಿಯಂಥ ಫಿಲ್ಟರ್. ನೀರು ಅದರೊಳಗೆ ಇಳಿದು ಕೊಳೆ ಬಿಟ್ಟು ಮೇಲೆ ಬರುತ್ತದೆ. ಪಕ್ಕದಲ್ಲಿ ಚಕ್ರದ ಗಾಡಿಯ ಮೇಲೆ ಇನ್ವರ್ಟರ್ ಮತ್ತು ಬ್ಯಾಟರಿ. ಗುಜರಾತಿನಲ್ಲಿ ಕರೆಂಟು ಹೋಗುವುದೇ ಅಪರೂಪ, ನಮ್ಮ ಸೊಸೈಟಿಯಲ್ಲಿ, ಅಪಾರ್ಟ್‌ಮೆಂಟಿಗೆ ಇಲ್ಲಿ ಹಾಗನ್ನುತ್ತಾರೆ, ಬೇರೆ ಯಾರ ಮನೆಯಲ್ಲೂ ಇನ್ವರ್ಟರ್ ಇಲ್ಲ. ಆದರೆ ಪಂಪು ನಿಂತರೆ ಅರ್ಧ ದಿನ ಕಳೆಯುವುದರೊಳಗೆ ನೀರಿನಲ್ಲಿ ಉಸಿರು ಮುಗಿಯುತ್ತದೆ. ತೊಟ್ಟಿಯ ಎಲ್ಲ ಕೆಲಸವೂ ನನ್ನದು, ಇದೊಂದು ಅವರದು. ಡಿಸ್ಟಿಲ್ಡ್ ವಾಟರ್ ಹಾಕುವುದು, ಒರೆಸುವುದು, ನೋಡಿಕೊಳ್ಳುವುದು. ಅವರಾಗಿಯೇ ಕೇಳಿ ತೆಗೆದುಕೊಂಡ ಕೆಲಸ.

ಅಣಬೆ ಆ ವರ್ಷ ಊಟದ ತಟ್ಟೆಯಷ್ಟು ಅಗಲವಾಯಿತು. ಕಿತ್ತಳೆ ಬಣ್ಣದ ಪಟ್ಟೆಯ ಎರಡು ಮೀನುಗಳು ಅದರಲ್ಲೇ ಮಲಗತೊಡಗಿದವು. ಹೊಸ ಊರುಗಳಲ್ಲಿ ನಾನು ಹಿಡಿದಿಟ್ಟುಕೊಂಡದ್ದು ಏನಾದರೂ ಇದ್ದರೆ ಅದು. ಅದು ಹೋದರೆ ಮತ್ತೊಂದು ತೊಟ್ಟಿ ಕಟ್ಟುವ ಶಕ್ತಿ ನನ್ನಲ್ಲಿ ಇರಲಿಲ್ಲ, ಅದನ್ನು ಅವರಿಗೂ ಹೇಳಿದ್ದೆ.

ಸಂಕ್ರಾಂತಿ ಬಂತು. ಇಲ್ಲಿ ಅದು ಉತ್ತರಾಯಣ. ಇಡೀ ಊರು ತಾರಸಿ ಹತ್ತಿ ಗಾಳಿಪಟ ಹಾರಿಸುವ ಹಬ್ಬ. ನಾನು ಸ್ಕೂಟರಿನಲ್ಲಿ, ಗಾಜಿನ ಪುಡಿ ಮೆತ್ತಿದ ಗಾಳಿಪಟದ ದಾರ ಕೊಯ್ಯದಂತೆ ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡು, ಮಕರಪುರದಲ್ಲಿರುವ ಇಂದಿರಾ ಅವರ ಮನೆಗೆ ಎಳ್ಳು ಬೀರಲು ಹೋದೆ. ಅವರೂ ನಮ್ಮ ಹಾಗೆ ವರ್ಗವಾಗಿ ಬಂದವರು. ಸಕ್ಕರೆ ಅಚ್ಚು, ಕಬ್ಬು, ಮಾತು ಎಲ್ಲ ಮುಗಿಸಿ ಹೊರಟಾಗ ಬಿಸಿಲು ನೆತ್ತಿಗೇರಿತ್ತು.

ಸೊಸೈಟಿಗೆ ಬಂದು ಲಿಫ್ಟಿನ ಗುಂಡಿ ಒತ್ತಿದೆ, ಹತ್ತಲಿಲ್ಲ. ಕರೆಂಟಿಲ್ಲ. ಪರವಾಗಿಲ್ಲ, ಇನ್ವರ್ಟರ್ ಇದೆಯಲ್ಲ ಎಂದುಕೊಂಡು ಆರಾಮಾಗಿಯೇ ಮೆಟ್ಟಿಲು ಹತ್ತಿದೆ. ಬಾಗಿಲು ತೆಗೆದರೆ ಮನೆಯಲ್ಲಿ ಸದ್ದೇ ಇಲ್ಲ. ಪಂಪಿನ ಗುಂಯ್‌ಗುಡುವಿಕೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಅದು ನಿಂತದ್ದು ಕಿವಿಗೆ ಹೊಡೆಯಿತು. ಕೆಂಪು ದಾರ ಕಲ್ಲಿಗೆ ಅಂಟಿಕೊಂಡು ಜೋತುಬಿದ್ದಿತ್ತು. ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದ್ದವು. ಕಪಾಟಿನ ಪಕ್ಕ ಇನ್ವರ್ಟರ್ ಇದ್ದ ಜಾಗದಲ್ಲಿ ಚಕ್ರದ ಗುರುತು ಮಾತ್ರ ಇತ್ತು.

ತಾರಸಿಗೆ ಓಡಿದೆ. ಮೇಲೆ ಆಳೆತ್ತರದ ಎರಡು ಸ್ಪೀಕರುಗಳು ಕಿವಿ ಕಿತ್ತುಹೋಗುವ ಹಾಗೆ ಹಾಡುತ್ತಿದ್ದವು, ನನ್ನ ಇನ್ವರ್ಟರಿನ ಮೇಲೆ. ಹೋದ ವರ್ಷ ಹಬ್ಬದ ನಡುವೆ ಕರೆಂಟು ಹೋಗಿ ನಮ್ಮ ಸೊಸೈಟಿಯ ಹಾಡು ನಿಂತಿತ್ತು, ಎದುರಿನ ಸೊಸೈಟಿಯವರು ಗೇಲಿ ಮಾಡಿದ್ದರು. ಈ ಸಲ ಹಾಗಾಗಬಾರದು ಎಂದು ಸೊಸೈಟಿಯ ಅಧ್ಯಕ್ಷ ನಿತಿನ್‌ಭಾಯ್ ಬೆಳಿಗ್ಗೆ ನಮ್ಮ ಮನೆಗೆ ಬಂದು ಕೇಳಿದ್ದರು. ಕೇಳಿದ್ದು ಯಾರನ್ನು? ‘ಇಲ್ಲ’ ಅನ್ನಲು ಬಾರದವರನ್ನು.

ಅವರು ಕಟ್ಟೆಯ ಹತ್ತಿರ ನಿಂತಿದ್ದರು. ಬೆರಳಿಗೆ ಬಿಳಿ ಟೇಪು, ತಲೆಗೆ ಯಾರದೋ ಟೋಪಿ, ಕೈಯಲ್ಲಿ ದಾರ. ಅವರ ಗಾಳಿಪಟ ಅದ್ಯಾರದೋ ಗಾಳಿಪಟವನ್ನು ಕತ್ತರಿಸಿತು. ಸುತ್ತಲಿದ್ದವರೆಲ್ಲ ‘ಕಾಯ್ಪೋ ಛೇ! ಕೃಷ್ಣಭಾಯ್, ಕಾಯ್ಪೋ ಛೇ!’ ಎಂದು ಕೂಗಿ ಅವರ ಬೆನ್ನು ಚಪ್ಪರಿಸಿದರು. ಮದುವೆಯಾದಾಗಿನಿಂದ ಅವರ ಮುಖದಲ್ಲಿ ನಾನು ಅಂಥ ನಗು ನೋಡಿರಲಿಲ್ಲ. ಅದನ್ನು ನೋಡಿ ನನಗೆ ಸಿಟ್ಟು ಇಮ್ಮಡಿಯಾಯಿತು.

‘ರೀ! ಇನ್ವರ್ಟರ್ ಯಾಕ್ರೀ ಇಲ್ಲಿದೆ?’

ಅವರು ತಿರುಗಿದರು. ಕೈಯಿಂದ ದಾರ ಜಾರಿತು. ‘ಸ್ವಲ್ಪ ಹೊತ್ತು ಅಂದ್ರು ಕಣೆ. ಕರೆಂಟ್ ಹೋದ್ರೆ ತಕ್ಷಣ ಕೆಳಗೆ ತರೋಣ ಅಂದ್ಕೊಂಡಿದ್ದೆ. ಹಾಡು ನಿಲ್ಲಲೇ ಇಲ್ಲ, ಹೋಗಿದ್ದೇ ಗೊತ್ತಾಗ್ಲಿಲ್ಲ.’

ಹಾಡು ನಿಲ್ಲದಿರಲಿ ಎಂದೇ ಅಲ್ಲವೇ ಕೊಟ್ಟದ್ದು!

ನಿತಿನ್‌ಭಾಯ್ ಒಳ್ಳೆಯ ಮನುಷ್ಯ. ಸಂಗತಿ ತಿಳಿದ ಕೂಡಲೇ ತಾವೇ ಸ್ಪೀಕರಿನ ತಂತಿ ಕಿತ್ತರು. ನಾಲ್ಕು ಜನ ಗಂಡಸರು ಆ ಬ್ಯಾಟರಿಯನ್ನು ಹೊತ್ತು ಏದುಸಿರು ಬಿಡುತ್ತ ಐದನೇ ಮಹಡಿಗೆ ಇಳಿಸಿದರು. ಸ್ವಿಚ್ ಹಾಕಿದೆ. ಇನ್ವರ್ಟರ್ ಒಂದೆರಡು ಸಲ ಕೀಂಕ್ ಕೀಂಕ್ ಅಂದು ಸುಮ್ಮನಾಯಿತು. ಬ್ಯಾಟರಿಯಲ್ಲಿ ಇದ್ದದ್ದನ್ನೆಲ್ಲ ಸ್ಪೀಕರ್ ಕುಡಿದುಬಿಟ್ಟಿತ್ತು.

‘ಚಿಂತೆ ಮಾಡ್ಬೇಡಿ ಭಾಭಿ, ಈಗ ಬಂದ್ಬಿಡತ್ತೆ ಲೈಟ್,’ ಎಂದು ಹಿಂದಿಯಲ್ಲಿ ಸಮಾಧಾನ ಹೇಳಿ ನಿತಿನ್‌ಭಾಯ್ ವಿದ್ಯುತ್ ಕಚೇರಿಗೆ ಫೋನು ಹಚ್ಚಿದರು. ಎಷ್ಟೋ ಹೊತ್ತಿಗೆ ಒಬ್ಬ ಎತ್ತಿದ. ಗಾಳಿಪಟದ ದಾರ ತಂತಿಗೆ ಸುತ್ತಿಕೊಂಡು ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಊರಲ್ಲಿ ಇಂಥವು ಬೇಕಾದಷ್ಟಿವೆ, ನಮ್ಮ ಜನ ಹೊರಗಿದ್ದಾರೆ, ಸಂಜೆಯಾಗುತ್ತದೆ ಎಂದ. ಅವನ ಮೇಲೆ ಕೂಗಾಡಿ ಏನು ಮಾಡಲಿ? ಅವನು ಹಬ್ಬದ ದಿನವೂ ಕೆಲಸದಲ್ಲಿದ್ದ. ಬಾಡಿಗೆಗೆ ಬ್ಯಾಟರಿ ಕೊಡುವ ಅಂಗಡಿ ಮುಚ್ಚಿತ್ತು. ಮೀನಿನ ಅಂಗಡಿಯವನು ಫೋನು ಎತ್ತಿದ, ಅವನ ಹಿಂದೆಯೂ ‘ಕಾಯ್ಪೋ ಛೇ’ ಕೇಳುತ್ತಿತ್ತು. ‘ಕೈಯಿಂದ ನೀರು ಎತ್ತಿ ಸುರೀರಿ ಮೇಡಂ, ನಿಲ್ಲಿಸ್ಬೇಡಿ,’ ಎಂದಷ್ಟೇ ಹೇಳಿದ.

ಸ್ಟೂಲು ಹತ್ತಿ ಪ್ಲಾಸ್ಟಿಕ್ ಜಗ್ಗಿನಲ್ಲಿ ತೊಟ್ಟಿಯ ನೀರು ಮೊಗೆದು, ಎತ್ತರದಿಂದ ಅದಕ್ಕೇ ಸುರಿಯತೊಡಗಿದೆ. ಬೀಳುವ ನೀರು ಗಾಳಿಯನ್ನು ಒಳಗೆ ಒಯ್ಯುತ್ತದೆ. ಸುರಿದಾಗ ಕೆಂಪು ದಾರ ತುಸು ಅಲ್ಲಾಡುತ್ತಿತ್ತು, ಮತ್ತೆ ಜೋತುಬೀಳುತ್ತಿತ್ತು. ತಿಂಗಳುಗಟ್ಟಲೆ ಕೂತು ಹೊಂದಿಸಿದ ಅಲೆ, ನೀಲಿ ಬಿಳಿಯ ಬೆಳಕು, ಕೊಂಡಿ ಕೊಂಡಿ ಇಳಿಸಿದ ದೀಪ ಎಲ್ಲ ಹೋಗಿ ಕೊನೆಗೆ ಒಂದು ಜಗ್ಗಿಗೆ ಬಂದು ನಿಂತಿತ್ತು. ಅಣಬೆ ತನ್ನ ಕೂದಲನ್ನೆಲ್ಲ ಒಳಗೆ ಎಳೆದುಕೊಂಡು ಬೋಳಾಗಿ ಕೂತಿತ್ತು. ಅದು ಹೆದರಿದಾಗ ಹಾಗೆ ಮಾಡುತ್ತದೆ. ಸಾಯುವಾಗಲೂ ಹಾಗೇ ಮಾಡುತ್ತದೆ.

ಸುದ್ದಿ ಸೊಸೈಟಿಗೆಲ್ಲ ಹರಡಿತು. ಒಬ್ಬೊಬ್ಬರಾಗಿ ಬಂದರು. ನಿತಿನ್‌ಭಾಯ್ ಸೊಸೆ ಅರ್ಚಿತಾ ಚಿಕ್ಕಿಯ ತಟ್ಟೆ ತಂದಳು. ಯಾರೋ ಮೀನಿಗೆಂದು ಬ್ರೆಡ್ ತಂದರು. ಇನ್ನೊಬ್ಬರು ಹೊಸ ಮೀನು ತಂದುಕೊಡುತ್ತೇವೆ, ಅಳಬೇಡಿ ಅಂದರು. ನಾನು ಅಳುತ್ತಿದ್ದೇನೆ ಎಂದು ಆಗಲೇ ನನಗೆ ಗೊತ್ತಾದದ್ದು. ಅರ್ಚಿತಾ ಸೆರಗು ಸಿಕ್ಕಿಸಿ, ‘ನಾನೂ ಸುರೀತೀನಿ ಭಾಭಿ,’ ಎಂದು ಕೈ ನೀಡಿದಳು. ಬಿಸಿಲಿಗೆಂದು ಹಚ್ಚಿದ ಕ್ರೀಮು ಅವಳ ಮೊಣಕೈವರೆಗೂ ಮಿರುಗುತ್ತಿತ್ತು. ಅದು ನೀರಿಗೆ ಇಳಿದರೆ ವಿಷ. ಬೇಡ ಎಂದೆ. ಅವಳ ಮುಖ ಸಣ್ಣದಾಯಿತು. ಎಲ್ಲರೂ ಇಷ್ಟು ಒಳ್ಳೆಯವರಾಗಿದ್ದರೆ ಮನುಷ್ಯ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕು? ಸ್ವಲ್ಪ ಹೊತ್ತಿಗೆ ಎಲ್ಲರೂ ತಾರಸಿಗೆ ಹೋದರು. ಮೇಲೆ ಹಾಡಿಲ್ಲದಿದ್ದರೂ ಕೂಗು ಮುಂದುವರಿದಿತ್ತು, ಪಾದಗಳ ದಡಬಡ ನಮ್ಮ ಸೂರಿನ ಮೇಲೇ.

ನನ್ನ ತೋಳು ಸೋತಿತು. ಅವರು ಕೈ ತೊಳೆದು, ಟೇಪು ಕಿತ್ತು, ಜಗ್ಗು ತೆಗೆದುಕೊಂಡು ಸ್ಟೂಲು ಹತ್ತಿದರು. ಗಾಳಿಪಟದ ದಾರ ಅವರ ಬೆರಳುಗಳನ್ನು ಕೊಯ್ದಿತ್ತು. ಉಪ್ಪುನೀರು ತಾಗಿದಾಗ ಹಲ್ಲು ಕಚ್ಚಿದರು.

‘ಕೇಳಿದಾಗ ಇಲ್ಲ ಅನ್ನೋಕೆ ಏನಾಗಿತ್ತು ನಿಮಗೆ?’ ಎಂದೆ.

ಅವರು ಸುರಿಯುತ್ತಲೇ ಇದ್ದರು. ‘ಇಷ್ಟು ವರ್ಷ ಪ್ರತಿ ಉತ್ತರಾಯಣಕ್ಕೂ ತಾರಸಿ ಮೂಲೇಲಿ ನಿಂತು ನೋಡಿ ಇಳಿದು ಬರ್ತಿದ್ದೆ ವಿಂಧ್ಯಾ. ಯಾವ ಊರಲ್ಲೂ ಯಾರೂ ನನ್ನ ಕೈಗೆ ದಾರ ಕೊಟ್ಟಿರ್ಲಿಲ್ಲ. ಇವತ್ತು ಅವರಾಗೇ ಮನೆ ಬಾಗ್ಲಿಗೆ ಬಂದ್ರು. ಹೆಂಗೆ ಇಲ್ಲ ಅನ್ಲಿ ಹೇಳು?’

ನನಗೆ ತೊಟ್ಟಿಯಾದರೂ ಇತ್ತು, ಈ ಮನುಷ್ಯನಿಗೆ ಏನಿತ್ತು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಹಾಗೆಂದು ಸಿಟ್ಟೂ ಹೋಗಲಿಲ್ಲ. ಎರಡೂ ಒಟ್ಟಿಗೆ ಎದೆಯಲ್ಲಿ ಕೂತವು. ಅವರ ಪಕ್ಕಕ್ಕೆ ಇನ್ನೊಂದು ಸ್ಟೂಲು ಎಳೆದು, ಅಡುಗೆಮನೆಯಿಂದ ಇನ್ನೊಂದು ಜಗ್ಗು ತಂದೆ. ಅವರು ಈ ತುದಿಯಿಂದ, ನಾನು ಆ ತುದಿಯಿಂದ. ಅವರು ಸುರಿದಾಗ ನಾನು ನಿಲ್ಲಿಸಿದೆ, ನಾನು ಸುರಿದಾಗ ಅವರು. ನಡುಗಲ್ಲಿನ ಮೇಲೆ ಕೆಂಪು ದಾರ ಮೆಲ್ಲಗೆ ಅತ್ತ ವಾಲಿತು, ಇತ್ತ ವಾಲಿತು.

‘ನೋಡು, ತೂಗ್ತಿದೆ,’ ಅಂದರು.

ಬಿಸಿಲು ಇಳಿಯಿತು. ಮೀನುಗಳು ಮೇಲ್ಮೈ ಬಿಟ್ಟು ಕೆಳಗೆ ಹೋದವು. ಅಣಬೆಯ ಅಂಚಿನಲ್ಲಿ ನಾಲ್ಕೈದು ಕೂದಲು ಹೊರಗೆ ಇಣುಕಿದವು. ನಾನು ಅವರಿಗೆ ತೋರಿಸಿದೆ. ಅವರು ತಲೆಯಾಡಿಸಿದರು, ಇಬ್ಬರೂ ಸುರಿಯುವುದನ್ನು ನಿಲ್ಲಿಸಲಿಲ್ಲ. ಉಳಿಯುತ್ತದೆ ಅಂದುಕೊಂಡೆ. ಕತ್ತಲಾಗುತ್ತಿತ್ತು. ಹೊರಗೆ ಗಾಳಿಪಟದ ದಾರಕ್ಕೆ ಕಟ್ಟಿದ ಕಾಗದದ ದೀಪಗಳು ಆಕಾಶಕ್ಕೆ ಏರತೊಡಗಿದ್ದವು.

ಆಗ ಕರೆಂಟು ಬಂತು.

ತಾರಸಿಯಿಂದ, ಕೆಳಗಿನಿಂದ, ಎದುರಿನ ಸೊಸೈಟಿಯಿಂದ ‘ಲೈಟ್ ಆವಿ ಗಯೀ!’ ಎಂಬ ಕೂಗೆದ್ದಿತು. ದೀಪ ಹತ್ತಿತು, ಪಂಪುಗಳು ಗುಂಯ್ ಅಂದವು, ಅವರು ಖುಷಿಯಿಂದ ನನ್ನ ತೋಳು ಹಿಡಿದರು. ಅಷ್ಟರಲ್ಲಿ ಕಪಾಟಿನೊಳಗಿಂದ ಗುಳುಗುಳು ಸದ್ದು ಕೇಳಿತು. ಫಿಲ್ಟರ್! ಮುಚ್ಚಿದ ಡಬ್ಬಿಯಲ್ಲಿ ಮಧ್ಯಾಹ್ನದಿಂದ ನಿಂತ ನೀರು ಅಷ್ಟು ಹೊತ್ತಿಗೆ ಕೊಳೆತು ವಿಷವಾಗಿರುತ್ತದೆ. ಕರೆಂಟು ಬರುವ ಮೊದಲೇ ಅದರ ಪ್ಲಗ್ಗು ಕಿತ್ತಿಡಬೇಕಿತ್ತು. ಕರೆಂಟು ಹೋದರೆ ಏನು ಮಾಡಬೇಕೆಂದು ನಾನು ಮೂರು ಊರಲ್ಲಿ ಯೋಚಿಸಿದ್ದೆ, ಬಂದರೆ ಏನು ಎಂದು ಒಂದು ಸಲವೂ ಯೋಚಿಸಿರಲಿಲ್ಲ.

‘ಪ್ಲಗ್ಗು! ಕೆಳಗಿನ ಪ್ಲಗ್ಗು ಕೀಳ್ರೀ!’

ಅವರು ಸ್ಟೂಲಿನಿಂದ ಹಾರಿದರು. ಒದ್ದೆ ನೆಲದಲ್ಲಿ ಜಾರಿ ಬಿದ್ದು, ತೆವಳಿಕೊಂಡೇ ಹೋಗಿ ಪ್ಲಗ್ಗು ಕಿತ್ತರು. ಅಷ್ಟರಲ್ಲಿ ಕಪ್ಪು ನೀರು ಕೊಳವೆಯಿಂದ ಭರ್ರನೆ ಬಂದಾಗಿತ್ತು. ನನ್ನ ಎರಡು ಪಂಪುಗಳು ತಮ್ಮ ಕೆಲಸ ತಪ್ಪಲಿಲ್ಲ. ನಾನು ಹೇಗೆ ಕಲಿಸಿದ್ದೆನೋ ಹಾಗೇ, ಒಂದು ಮೂಲೆಯನ್ನೂ ಬಿಡದೆ, ಆ ನೀರನ್ನು ತೊಟ್ಟಿಯ ತುಂಬ ತೂಗಿ ತೂಗಿ ಹಂಚಿದವು. ಕೊಳೆತ ಮೊಟ್ಟೆಯ ವಾಸನೆ ಕೋಣೆ ತುಂಬಿತು. ಅಣಬೆಯ ಅಂಚಿನ ಕೂದಲುಗಳು ಒಳಗೆ ಹೋದವು. ಬಕೆಟ್ಟಿನಲ್ಲಿ ಇಟ್ಟಿದ್ದ ಹೊಸ ಉಪ್ಪುನೀರನ್ನೆಲ್ಲ ಸುರಿದೆವು, ಹಳೆಯದನ್ನು ಮೊಗೆದು ಚೆಲ್ಲಿದೆವು. ಅದು ಏತಕ್ಕೂ ಸಾಲದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿರಲಾಗಲಿಲ್ಲ.

ಬೆಳಿಗ್ಗೆ ಮೀನುಗಳು ಮರಳಿನ ಮೇಲೆ ಮಲಗಿದ್ದವು. ಅಣಬೆ ಕಂದಿ, ನಡುವೆ ಕುಸಿದಿತ್ತು. ಮುಟ್ಟಿದರೆ ಬೆರಳಿಗೆ ಲೋಳೆಯಾಗಿ ಬಂತು. ತೊಟ್ಟಿಯ ಮುಂದೆ ಕೂತೆ. ದೀಪ ನೀಲಿಯಿಂದ ಬಿಳಿಗೆ ತಿರುಗುತ್ತಿತ್ತು, ಎಷ್ಟು ಚೆನ್ನಾಗಿ ಹೊಂದಿಸಿದ್ದೆ ಅದನ್ನು! ಇನ್ವರ್ಟರಿನ ಬ್ಯಾಟರಿ ರಾತ್ರಿಯಿಡೀ ಚಾರ್ಜಾಗಿ ಹಸಿರು ದೀಪ ತೋರಿಸುತ್ತಿತ್ತು.

ಬಾಗಿಲ ಬೆಲ್ಲಾಯಿತು. ಅವರು ಹೋಗಿ ತೆಗೆದರು. ನಿತಿನ್‌ಭಾಯ್, ಕೈಯಲ್ಲಿ ಊಂಧಿಯು ಎಂಬ ಹಬ್ಬದ ತರಕಾರಿ ಪಲ್ಯ ಮತ್ತು ಜಿಲೇಬಿಯ ಡಬ್ಬಿ. ಉತ್ತರಾಯಣ ಇಲ್ಲಿ ಎರಡು ದಿನ, ಎರಡನೆಯ ದಿನವೂ ಊರು ತಾರಸಿ ಮೇಲೇ.

‘ರಾತ್ರಿ ಲೈಟ್ ಬಂತಲ್ಲ, ನನಗೆ ಜೀವ ಬಂದ ಹಾಗಾಯ್ತು ಕೃಷ್ಣಭಾಯ್. ಭಾಭಿಯ ಮೀನೆಲ್ಲ ಆರಾಮಾ?’ ಅಂದರು. ಆಮೇಲೆ ಸಂಕೋಚದಿಂದ, ‘ಇವತ್ತು ಮಾತ್ರ, ಒಂದೆರಡು ಗಂಟೆ, ಆ ಬ್ಯಾಟರಿ... ಕರೆಂಟ್ ಹೋದ್ರೆ ನಾನೇ ಹೊತ್ತು ತರ್ತೀನಿ. ಪ್ರಮಾಣ.’

ನನ್ನ ಗಂಡನ ಬೆನ್ನು ನನಗೆ ಕಾಣುತ್ತಿತ್ತು. ಬೆರಳುಗಳಿಗೆ ಪಟ್ಟಿ ಸುತ್ತಿದ ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು.

‘ನಹೀ, ನಿತಿನ್‌ಭಾಯ್,’ ಅಂದರು. ಮತ್ತೆ ಗಟ್ಟಿಯಾಗಿ ಅಂದರು, ‘ನಹೀ. ನಾನು ಕೊಡೋದಿಲ್ಲ.’

ಮದುವೆಯಾದಾಗಿನಿಂದ ಈ ಮಾತಿಗಾಗಿ ನಾನು ಕಾದಿದ್ದೆ. ಯಾವ್ಯಾವುದೋ ಸಾಹೇಬರ ಮುಂದೆ, ಯಾವ್ಯಾವುದೋ ಫೋನಿನಲ್ಲಿ ಅದು ಬರಲಿ ಎಂದು ಪಕ್ಕದ ಕೋಣೆಯಲ್ಲಿ ಕಿವಿಗೊಟ್ಟು ಕೂತಿದ್ದೆ. ಎದ್ದು ತೊಟ್ಟಿಯ ಹತ್ತಿರ ಹೋಗಿ ಪಂಪುಗಳ ಪ್ಲಗ್ಗು ಕಿತ್ತೆ, ದೀಪದ್ದನ್ನೂ ಕಿತ್ತೆ. ಕೆಂಪು ದಾರ ಒಮ್ಮೆ ಇತ್ತ ವಾಲಿ ನಿಂತಿತು. ಗಾಡಿಯನ್ನು ಬಾಗಿಲವರೆಗೆ ತಳ್ಳಿಕೊಂಡು ಬಂದೆ.

‘ಕೊಟ್ಬಿಡ್ರೀ,’ ಎಂದೆ. ‘ಇಲ್ಲಿ ಇನ್ನು ಅದಕ್ಕೇನೂ ಕೆಲಸ ಇಲ್ಲ.’